ಟ್ರಯಲ್ಸ್‌ನಲ್ಲಿ ಚೆಂಡು ಬಿಟ್ಟುಕೊಟ್ಟವಳು

ಯಲಹಂಕದಲ್ಲಿ ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್ ಮುಗಿಯುತ್ತಿದ್ದಂತೆ, ಮತ್ತಿಕೆರೆಯ ಖಾಸಗಿ ಕಾಲೇಜೊಂದರ ಕೋಚ್ ಸುಬ್ರಮಣಿ ನೇರವಾಗಿ ನಯನಾಳ ಬಳಿಗೆ ಬಂದರು. ಐದಡಿ ಹನ್ನೊಂದಿಂಚಿನ ನಯನಾ ಗೆದ್ದ ತಂಡದ ಅರ್ಧಕ್ಕಿಂತ ಹೆಚ್ಚು ಪಾಯಿಂಟ್ ಒಬ್ಬಳೇ ಗಳಿಸಿದ್ದಳು. ಆ ಚೆಂಡುಗಳನ್ನೆಲ್ಲ ಅವಳ ಕೈಗೆ ತಲುಪಿಸಿದ್ದ ರಕ್ಷಾ ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದಳು.

"ಎಸ್ಸೆಸ್ಸೆಲ್ಸಿ ಮುಗಿಸ್ಕೊಂಡು ನಮ್ ಕಾಲೇಜಿಗೆ ಬಾಮ್ಮ. ಪಿಯುಸಿ ಸೀಟು, ಹಾಸ್ಟೆಲ್, ಶೂ ಎಲ್ಲಾ ನಮ್ದೇ," ಎಂದರು ಸುಬ್ರಮಣಿ.

"ಇವ್ಳು, ಸರ್?" ನಯನಾ ರಕ್ಷಾಳತ್ತ ಕೈ ತೋರಿಸಿದಳು.

ಸುಬ್ರಮಣಿ ರಕ್ಷಾಳನ್ನು ಮೇಲಿಂದ ಕೆಳಗೆ ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹೈಟ್ ಎಷ್ಟಮ್ಮ?"

"ಐದು ಒಂದು, ಸರ್."

"ಮೇ ತಿಂಗಳಲ್ಲಿ ಓಪನ್ ಟ್ರಯಲ್ಸ್ ಇರುತ್ತೆ, ಯಾರ್ ಬೇಕಾದ್ರೂ ಬರ್ಬೋದು. ಬಾ, ನೋಡೋಣ."

ಬೇರೆ ಎರಡು ಕಾಲೇಜುಗಳ ಕೋಚ್‌ಗಳೂ ಎತ್ತರ ಕೇಳಿಯೇ ಸುಮ್ಮನಾಗಿದ್ದರು. ರಕ್ಷಾಳ ಮನೆ ಚಿಕ್ಕಬಾಣಾವರದಲ್ಲಿ. ಅಲ್ಲಿಗೆ ಹತ್ತಿರದ ಕಾಲೇಜಿನಲ್ಲಿ ಕೋರ್ಟೇ ಇಲ್ಲ. ಮತ್ತಿಕೆರೆಯೂ ಬೇಡವೆಂದರೆ ಅವಳ ಬಾಸ್ಕೆಟ್‌ಬಾಲ್ ಹತ್ತನೇ ತರಗತಿಗೇ ಮುಗಿದಂತೆ.

"ನಿನ್ನ ತಗೊಂಡ್ರೇನೇ ನಾನು ಬರೋದು ಅಂತ ಹೇಳ್ಬಿಡ್ತೀನಿ ಕಣೇ," ಎಂದಳು ನಯನಾ, ಬಸ್ ಸ್ಟಾಪಿನಲ್ಲಿ.

"ಬೇಡ. ನಿನ್ ಜೊತೆ ಫ್ರೀಯಾಗಿ ಬರೋಕೆ ನಾನೇನು ಶಾಂಪೂ ಸ್ಯಾಶೆನಾ?"

ಟ್ರಯಲ್ಸ್ ದಿನ ನಲವತ್ತು ಹುಡುಗಿಯರು ಬಂದಿದ್ದರು. ಉಳಿದಿದ್ದದ್ದು ಮೂರು ಸೀಟು. ರಕ್ಷಾಳ ತಂದೆ ವೀರಬಸಪ್ಪ ಗದಗ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಅಂದು ರಜೆ ಹಾಕಿ ಮಗಳ ಜೊತೆ ಬಂದಿದ್ದರು.

"ಏನವಾ ಇದು, ಎಲ್ಲಾರೂ ತೆಂಗಿನ ಗಿಡ ಇದ್ದಂಗ ಅದಾರಲ್ಲ!"

"ಅಪ್ಪಾ, ಸುಮ್ಕ ಕುಂದ್ರು."

ಸುಬ್ರಮಣಿ ಐದೈದು ಜನರ ತಂಡ ಮಾಡಿ ಆಡಿಸತೊಡಗಿದರು. ಒಂದೊಂದು ಆಟಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಕೋಚ್ ಕಣ್ಣಿಗೆ ಬೀಳಬೇಕು. ಹಾಗಾಗಿ ಟ್ರಯಲ್ಸ್‌ನಲ್ಲಿ ಯಾರೂ ಯಾರಿಗೂ ಚೆಂಡು ಕೊಡುವುದಿಲ್ಲ. ಕೈಗೆ ಸಿಕ್ಕವಳು ಎಲ್ಲಿಂದಾದರೂ ಸರಿ, ತಾನೇ ಬುಟ್ಟಿಗೆ ಎಸೆಯುತ್ತಾಳೆ. ರಕ್ಷಾ ಮಾತ್ರ ಕೊಡುತ್ತಲೇ ಹೋದಳು.

"ಏ ಪುಟಾಣಿ, ಬಾಲೆಲ್ಲ ಬೇರೆಯೋರ್ಗೇ ಕೊಟ್ರೆ ನಿನ್ನ ಯಾರೇ ನೋಡ್ತಾರೆ?" ಎಂದು ಎದುರು ತಂಡದ ಉದ್ದ ಜಡೆಯ ಹುಡುಗಿ ನಕ್ಕಳು.

ರಕ್ಷಾಳ ತಂಡ ಗೆದ್ದಿತು. ಸುಬ್ರಮಣಿ ಅವಳನ್ನು ಸೋತ ತಂಡಕ್ಕೆ ಹಾಕಿದರು. ಅದೂ ಗೆದ್ದಿತು. ಆಗ ಅವರು, ಆಟ ನೋಡುತ್ತಾ ಕೂತಿದ್ದ ನಯನಾಳನ್ನು ಕರೆದು ಅತಿ ಎತ್ತರದ ನಾಲ್ವರ ಜೊತೆ ನಿಲ್ಲಿಸಿದರು. ರಕ್ಷಾಳಿಗೆ ಕೊಟ್ಟದ್ದು, ಆಗಷ್ಟೇ "ಹೊರಡಿ" ಎಂದು ಹೇಳಿದ್ದ ನಾಲ್ವರನ್ನು.

"ಮೊದಲು ಹತ್ತು ಬಾಸ್ಕೆಟ್ ಹಾಕಿದೋರು ಗೆದ್ದಂಗೆ," ಎಂದರು.

"ಬಿಡಲ್ಲ ಮಚ್ಚಾ ಇವತ್ತು," ಎಂದಳು ನಯನಾ.

"ಬಿಡ್ಬೇಡ."

ನಯನಾ ನಿಜಕ್ಕೂ ಬಿಡಲಿಲ್ಲ. ನೋಡನೋಡುತ್ತಿದ್ದಂತೆ ಐದಕ್ಕೆ ಒಂದು. ಆದರೆ ಅವಳ ತಂಡದ ನಾಲ್ವರಿಗೂ ಸೀಟು ಬೇಕಿತ್ತು. ಬುಟ್ಟಿಯ ಕೆಳಗೆ ನಿಂತು ಎರಡೂ ಕೈ ಎತ್ತಿ "ಕೊಡ್ರೇ ಇಲ್ಲಿ!" ಎಂದು ನಯನಾ ಕೂಗುತ್ತಲೇ ಇದ್ದಳು, ಚೆಂಡು ಬರಲಿಲ್ಲ. ಇತ್ತ, ಓಡಿದರೆ ಚೆಂಡು ಬಂದೇ ಬರುತ್ತದೆಂದು ರಕ್ಷಾಳ ನಾಲ್ವರಿಗೆ ಅರ್ಥವಾಗಿತ್ತು. ಬೆಳಗಿನಿಂದ ನಡೆದಾಡುತ್ತಿದ್ದವರು ಓಡತೊಡಗಿದರು. ಆರಕ್ಕೆ ನಾಲ್ಕು. ಎಂಟಕ್ಕೆ ಎಂಟು. ಒಂಬತ್ತಕ್ಕೆ ಒಂಬತ್ತು.

ಕೊನೆಯ ಚೆಂಡು ರಕ್ಷಾಳ ಕೈಯಲ್ಲಿತ್ತು. ಇಬ್ಬರನ್ನು ದಾಟಿ ನೇರ ಬುಟ್ಟಿಯತ್ತ ನುಗ್ಗಿ ನೆಗೆದಳು. ತಡೆಯಲು ನಯನಾ ಎದುರಿಗೇ ನೆಗೆದಳು.

"ಹಾಕವಾ!" ಎಂದು ವೀರಬಸಪ್ಪ ಎದ್ದು ನಿಂತೇಬಿಟ್ಟರು.

ರಕ್ಷಾ ಹಾಕಲಿಲ್ಲ. ನಯನಾಳ ತೋಳಿನ ಕೆಳಗಿಂದ ಚೆಂಡನ್ನು ಬಲಕ್ಕೆ ಬಿಟ್ಟಳು. ಅಲ್ಲಿ ಅವಳ ತಂಡದ ಹಸಿರು ಟೀಶರ್ಟಿನ ಹುಡುಗಿ ಒಬ್ಬಳೇ ನಿಂತಿದ್ದಳು. ಬೆಳಗಿನಿಂದ ಒಂದೂ ಬಾಸ್ಕೆಟ್ ಹಾಕದಿದ್ದವಳು ಈಗ ಹಾಕಿದಳು.

ಸೋತ ನಯನಾ ರಕ್ಷಾಳನ್ನು ಎತ್ತಿ ಗಿರಗಿರ ತಿರುಗಿಸಿದಳು.

"ಇಳಿಸೇ! ಸೀಟ್ ಇನ್ನೂ ಸಿಕ್ಕಿಲ್ಲ."

"ಸಿಕ್ತಮ್ಮ," ಎಂದರು ಸುಬ್ರಮಣಿ. "ನಿನ್ನ ಯಾವ ಟೀಮಿಗೆ ಹಾಕಿದ್ರೆ ಅದೇ ಗೆಲ್ಲುತ್ತೆ. ಇನ್ನೇನ್ ನೋಡ್ಲಿ ನಾನು?"

ವೀರಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿದ್ದ ಸೆಕ್ಯುರಿಟಿಯವನಿಗೆ, "ನನ್ನ ಮಗಳ್ರೀ ಆಕಿ," ಎಂದರು. ಅವನು ಯಾರೆಂದು ಕೇಳಿಯೇ ಇರಲಿಲ್ಲ.

ಸುಬ್ರಮಣಿ ರಕ್ಷಾಳನ್ನು ಪಕ್ಕಕ್ಕೆ ಕರೆದರು. "ಇನ್ನೆರಡು ಸೀಟಿದೆ. ಬೆಳಿಗ್ಗೆಯಿಂದ ಇವ್ರ ಜೊತೆ ಆಡಿರೋಳು ನೀನು. ಯಾರನ್ನ ತಗೊಳ್ಲಿ, ಹೇಳು."

ರಕ್ಷಾ ತಿರುಗಿ ನೋಡಿದಳು. ಹುಡುಗಿಯರೆಲ್ಲ ಒಮ್ಮೆಲೇ ಅವಳತ್ತ ಮುಗುಳ್ನಕ್ಕರು.

"ಆ ಜಡೆಯವಳು, ಸರ್. ಬುಟ್ಟಿಗೆ ತಾಗಿ ವಾಪಸ್ ಬಂದ ಬಾಲ್ ಒಂದೂ ಬಿಡಲ್ಲ. ಬಾಯಿ ಸ್ವಲ್ಪ ಜಾಸ್ತಿ, ಅಷ್ಟೆ."

"ಇನ್ನೊಬ್ಳು?"

"ಹಸಿರು ಟೀಶರ್ಟ್. ಹೆಸ್ರು ಗೊತ್ತಿಲ್ಲ, ಕೇಳ್ಕೊಂಡ್ ಬರ್ತೀನಿ."

ಅವಳು ಕೋರ್ಟ್ ದಾಟಿ ಹೋಗುವಷ್ಟರಲ್ಲಿ ಆ ಹುಡುಗಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಗೇಟಿನತ್ತ ಹೊರಟಾಗಿತ್ತು.

"ಏನೇ ನಿನ್ ಹೆಸ್ರು?"

"ಇಂದು. ಯಾಕೆ?"

"ಬ್ಯಾಗ್ ಕೆಳಗಿಡು," ಎಂದಳು ರಕ್ಷಾ.