ದೇವರ ಮನೆಯ ಕೆಂಪು ಬಲ್ಬು

ಕೊಕಟನೂರಿನ ಅಕ್ಕವ್ವನಿಗೆ ಒಂದು ಹರಕೆಯಿತ್ತು. ದೇವರ ಮನೆಯ ಕೆಂಪು ಬಲ್ಬನ್ನು ಮನೆಯವರ ಕೈ ಆರಿಸಬಾರದು. ಕರೆಂಟು ತಾನಾಗಿ ಹೋದರೆ ಅದು ಯಲ್ಲಮ್ಮನ ಇಚ್ಛೆ.

ಈಚೆಗೆ ಕೊಟ್ಟಿಗೆಯ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎಮ್ಮೆ ಒಳಗೆ ಕಾಲಿಡುತ್ತಿರಲಿಲ್ಲ. ವೈರಿಂಗ್ ಕಲಿತ ಸೊಸೆ ಉಜ್ವಲಾ ರಿಪೇರಿಗೆ ನಿಂತಳು.

“ಮೇನ್ ಸ್ವಿಚ್ ತಗಿಬ್ಯಾಡ ಮತ್ತ,” ಅಂದಳು ಅಕ್ಕವ್ವ.

“ಇಲ್ರಿ ಅತ್ತಿ, ಕೊಟ್ಟಿಗಿದು ಒಂದ ತಗೀತೀನಿ. ಯಾವ ಸ್ವಿಚ್ಚಂತ ಈ ಮಷೀನ ಹೇಳ್ತೈತಿ.”

ಅವಳು ಲೈನು ಹುಡುಕುವ ಆ ಎರಡು ತುಂಡಿನ ಸಾಧನದ ಒಂದು ತುಂಡನ್ನು ಕೊಟ್ಟಿಗೆಯ ಪ್ಲಗ್ಗಿಗೆ ಸಿಕ್ಕಿಸಿ, ಇನ್ನೊಂದನ್ನು ಬೋರ್ಡಿನ ಸ್ವಿಚ್ಚುಗಳ ಮೇಲೆ ಆಡಿಸಿದಳು. ಅದು ಕೂಗಿದ್ದು ದೇವರ ಮನೆಯ ಸ್ವಿಚ್ಚಿನ ಮುಂದೆ. ಕೊಟ್ಟಿಗೆಗೂ ಕೆಂಪು ಬಲ್ಬಿಗೂ ಒಂದೇ ಲೈನು.

ಅಂಗಳದಲ್ಲಿ ಎಮ್ಮೆ ಒದರಿತು. ಅಕ್ಕವ್ವ ದೇವರ ಮನೆಯೊಳಗೆ ಹೋಗಿ, ಬತ್ತಿ ಹೊಸೆದು ಎಣ್ಣೆಯ ದೀಪ ಹಚ್ಚಿದಳು.

“ಯಲ್ಲಮ್ಮಗ ಬೆಳಕ ಆತು. ಈಗ ತಗಿ.”

ಉಜ್ವಲಾ ಸ್ವಿಚ್ ಇಳಿಸಿದಳು. ಟೆಸ್ಟರನ್ನು ಮೊದಲು ಅಡುಗೆಮನೆಯ ಕರೆಂಟಿರುವ ಪ್ಲಗ್ಗಿಗೆ ಹಿಡಿದಳು, ಅದರ ದೀಪ ಹೊತ್ತಿತು. ಕೊಟ್ಟಿಗೆಯ ತಂತಿಗೆ ಹಿಡಿದಳು, ಹೊತ್ತಲಿಲ್ಲ. ಟೆಸ್ಟರ್ ಕೆಟ್ಟಿಲ್ಲವೆಂದು ನೋಡಲು ಮತ್ತೆ ಅಡುಗೆಮನೆಯ ಪ್ಲಗ್ಗಿಗೆ ಬಂದಳು.

“ಎಷ್ಟ ಸಲ ಕೇಳ್ತಿಯವ್ವ ಅದನ್ನ?”

“ಅದು ಸುಳ್ಳ ಹೇಳಿದ್ರ ಜೀವಾ ನಂದು ಹೋಗ್ತೈತ್ರಿ.”

“ಹಂಗಾರ ಇನ್ನೊಮ್ಮಿ ಕೇಳು.”

ಗೋಡೆಗೆ ತಾಗುತ್ತಿದ್ದ ಸುಲಿದ ತಂತಿ ಬದಲಾಯಿತು. ಸಂಜೆ ಎಮ್ಮೆ ಅದೇ ಗೋಡೆಗೆ ಮೈ ಉಜ್ಜುತ್ತ ನಿಂತಿತ್ತು. ಬಲ್ಬು ಮತ್ತೆ ಬೆಳಗಿತು. ಎಣ್ಣೆಯ ದೀಪವನ್ನೂ ಅಕ್ಕವ್ವ ಆರಿಸಲಿಲ್ಲ.