ಖಾಲಿ ಎಂದ ನೀರು

ಬೆಳಿಗ್ಗೆಯಿಂದ ಅಕ್ಕನ ಗಂಟಲಲ್ಲಿ ಗುಟುಕು ನೀರೂ ಇಳಿದಿರಲಿಲ್ಲ. ಹಡಗುಗಳ ತಳ ಉಜ್ಜುವ ಮುಳುಗುಗಾರ ತಮ್ಮ, ಮನೆಯವರ ಬಾಯಲ್ಲಿ ಮೊಂಡ, ಕೆಲಸಕ್ಕೆ ಹೊರಟ ಪುಟ್ಟ ದೋಣಿ ಮಗುಚಿ ಕೊಲ್ಲಿಯಲ್ಲೆಲ್ಲೋ ಕಾಣೆಯಾಗಿದ್ದ. ಹುಡುಕುತ್ತಿದ್ದುದು ಅವಳೇ ಕೆಲಸ ಮಾಡುವ ರಕ್ಷಣಾ ಕೊಠಡಿ. ನೀರಿನ ಮೇಲೆ ಡ್ರೋನ್, ದಡದಲ್ಲಿ ದೊಡ್ಡ ಪರದೆ, ಕಳಿಸಲು ಇದ್ದದ್ದು ಒಂದೇ ದೋಣಿ. ಮನೆಗೆ ಹೋಗಿ ಎಂದು ಮುಖ್ಯಸ್ಥರು ಹೇಳಿ ನೋಡಿದರು. ಅವಳು ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಮೊಂಡತನವೇನು ತಮ್ಮನೊಬ್ಬನ ಸೊತ್ತಾಗಿರಲಿಲ್ಲ.

ಪರದೆಯ ಚಿತ್ರವನ್ನು ಸೋಸುವ ಫಿಲ್ಟರ್ ಅವಳು ಬರೆದದ್ದೇ. ಮೊದಲೆಲ್ಲ ಬಿಸಿಲಿಗೆ ಅಲೆಗಳು ಮಿಂಚಿ ನೋಡುವವರ ಕಣ್ಣು ಕುಕ್ಕುತ್ತಿದ್ದವು. ಅವಳ ಉಪಾಯ ಸರಳ. ಅಡ್ಡ ಮೂರು, ಉದ್ದ ಮೂರು ಚುಕ್ಕೆಗಳ ಪುಟ್ಟ ಚೌಕಟ್ಟು, ಅವರ ಮಾತಿನಲ್ಲಿ ಕರ್ನಲ್, ಚಿತ್ರದ ಮೇಲೆಲ್ಲ ಸರಿಯುತ್ತಾ ಹೋಗುತ್ತದೆ. ಒಂಬತ್ತು ಚುಕ್ಕೆಗಳನ್ನು ಬೆಳಕಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಸಾಲಿನ ಮಧ್ಯದ್ದನ್ನು ಚೌಕಟ್ಟಿನ ನಡುವೆ ಕೂರಿಸುತ್ತದೆ. ಸುತ್ತಲೂ ಕಪ್ಪಿದ್ದು ನಡುವಿನದೊಂದೇ ಬೆಳ್ಳಗಿದ್ದರೆ ಅದನ್ನೂ ಕಪ್ಪು ಮಾಡಿಬಿಡುತ್ತದೆ. ಮಿಂಚು ಮಾಯವಾದ ದಿನ ಎಲ್ಲರೂ ಅವಳ ಬೆನ್ನು ತಟ್ಟಿದ್ದರು.

"ಮೊದಲ ಭಾಗ ಖಾಲಿ" ಎಂದು ಇವತ್ತು ಅವಳೇ ಹೇಳಿದ್ದಳು. ಹುಡುಕಾಟಕ್ಕೆ ಕೊಲ್ಲಿಯನ್ನು ಮೂರು ಭಾಗ ಮಾಡಿಕೊಂಡಿದ್ದರು. ಡ್ರೋನ್ ಎರಡನೆಯ ಭಾಗಕ್ಕೆ ಹೋಗಿತ್ತು, ದೋಣಿ ಮೂರನೆಯದರತ್ತ ಹೊರಟಿತ್ತು.

ಡ್ರೋನ್ ಹಾರಿಸುವವನು ತನ್ನ ಕೈಯಲ್ಲಿದ್ದ ಪುಟ್ಟ ಪರದೆ ನೋಡುತ್ತಾ ಹೇಳಿದ, "ಒಂದು ಹಕ್ಕಿ ನೋಡಿ, ಎಷ್ಟು ಆರಾಮಾಗಿ ನೀರ ಮೇಲೆ ಕೂತಿದೆ."

ಅವಳು ದೊಡ್ಡ ಪರದೆ ನೋಡಿದಳು. ಹಕ್ಕಿ ಇರಲಿಲ್ಲ. ಅವನ ಪರದೆಗೆ ಚಿತ್ರ ಸೋಸದೆ ಬರುತ್ತಿತ್ತು. ಆ ಎತ್ತರದಿಂದ ಹಕ್ಕಿಯೂ ಒಂದೇ ಚುಕ್ಕೆ, ಹಳದಿ ಟೋಪಿ ಹಾಕಿದ ತಮ್ಮನ ತಲೆಯೂ ಒಂದೇ ಚುಕ್ಕೆ. ಎರಡನ್ನೂ ಅವಳ ಫಿಲ್ಟರ್ ಅಳಿಸಿಬಿಡುತ್ತದೆ.

ಮೊದಲ ಭಾಗದ ಚಿತ್ರಗಳನ್ನು ಮತ್ತೆ ತೆರೆದು ಫಿಲ್ಟರ್ ನಿಲ್ಲಿಸಿದಳು. ಬಿಸಿ ಎಣ್ಣೆಗೆ ನೀರು ಬಿದ್ದಂತೆ ಪರದೆಯ ತುಂಬ ಬೆಳಕು ಸಿಡಿಯಿತು.

"ಇದರಲ್ಲಿ ಏನಂತ ಹುಡುಕ್ತೀರಿ? ಹೊತ್ತು ಹೋಗ್ತಾ ಇದೆ." ಮುಖ್ಯಸ್ಥರ ದನಿ ಗಡುಸಾಗಿತ್ತು.

ಅವಳು ಬರೆದದ್ದನ್ನೇ ಅಳಿಸಿ ಮತ್ತೆ ಬರೆದಳು. ಅಕ್ಕಪಕ್ಕದ ಚುಕ್ಕೆಗಳ ಮಾತು ಕೇಳಿದ್ದೇ ತಪ್ಪಾಗಿತ್ತು. ಕೇಳಬೇಕಾದ್ದು ಆ ಚುಕ್ಕೆಯನ್ನೇ: ಹಿಂದಿನ ಕ್ಷಣ ಇಲ್ಲೇ ಇದ್ದೆಯಾ, ಅದಕ್ಕೂ ಹಿಂದೆ? ಅಲೆಯ ಮಿಂಚು ಈ ಕ್ಷಣ ಇದ್ದರೆ ಮರುಕ್ಷಣ ಇಲ್ಲ. ಅವಳು ಚೌಕಟ್ಟನ್ನು ಒಂದು ಚಿತ್ರದ ಮೇಲೆ ಹಾಸುವುದು ಬಿಟ್ಟು, ಒಂದರ ಹಿಂದೊಂದು ತೆಗೆದ ಒಂಬತ್ತು ಚಿತ್ರಗಳ ಒಂದೇ ಜಾಗವನ್ನು ಸಾಲು ನಿಲ್ಲಿಸಿದಳು. ಮಧ್ಯದ್ದನ್ನು ಆರಿಸುವ ನಿಯಮ ಹಳೆಯದೇ.

ಕೊಲ್ಲಿ ಕಪ್ಪಾಯಿತು. ಒಂದೇ ಒಂದು ಚುಕ್ಕೆ ಉಳಿಯಿತು.

"ಮರದ ತುಂಡಿರಬಹುದು" ಎಂದರು ಮುಖ್ಯಸ್ಥರು. "ದೋಣಿ ತಿರುಗಿಸಿದ್ರೆ ಮೂರನೇ ಭಾಗಕ್ಕೆ ಇವತ್ತು ಹೋಗೋಕಾಗಲ್ಲ. ಅವನು ಅಲ್ಲಿದ್ರೆ?" ಅವಳ ಕಡೆ ತಿರುಗಿ ಕೇಳಿದರು, "ತಮ್ಮ ಅಂತ ಕಾಣಿಸ್ತಿದೆಯಾ, ನಿಜವಾಗ್ಲೂ ಕಾಣಿಸ್ತಿದೆಯಾ?"

"ತಮ್ಮನೇ ಅಂತ ಹೇಳೋಕೆ ನನ್ನಿಂದ ಆಗಲ್ಲ ಸರ್. ಆದ್ರೆ ಅಲ್ಲೇನೂ ಇಲ್ಲ ಅಂದವಳೂ ನಾನೇ. ಅದಂತೂ ಸುಳ್ಳು."

ಮುಖ್ಯಸ್ಥರು ಅವಳ ಮುಖವನ್ನೇ ನೋಡಿದರು. ಆಮೇಲೆ ರೇಡಿಯೊ ಎತ್ತಿಕೊಂಡು ದೋಣಿ ತಿರುಗಿಸಲು ಹೇಳಿದರು.

ಮರದ ತುಂಡೇ ಆಗಿದ್ದರೆ ತಮ್ಮನನ್ನು ಎರಡು ಸಲ ಕೊಂದಂತೆ ಎಂದುಕೊಂಡು ಅವಳು ಸೆರಗು ಕಚ್ಚಿ ಕೂತಳು. ಕೊನೆಗೆ ರೇಡಿಯೊ ಗೊರಗುಟ್ಟಿತು. "ಸಿಕ್ಕಿದ್ದಾನೆ. ಉಸಿರಾಡ್ತಿದ್ದಾನೆ."

ಅವಳು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ತಮ್ಮನ ದನಿಯೇ ಬಂತು, ಹಲ್ಲು ಕಟಕಟಿಸುವುದೂ ಕೇಳುತ್ತಿತ್ತು.

"ಅಕ್ಕಾ, ನಿನ್ನ ಡ್ರೋನ್ ನನ್ನ ತಲೆ ಮೇಲೇ ನಿಂತಿತ್ತು. ಹಲಗೆ ಹಿಡ್ಕೊಂಡು ದಡದ ಕಡೆ ಈಜ್ತಾ ಇದ್ದೆ. ಅದು ಬಂದಿದ್ದೇ ನಿಲ್ಲಿಸ್ಬಿಟ್ಟೆ. ಅಕ್ಕ ನೋಡಿದ್ಲು, ಇನ್ನು ದೋಣಿ ಕಳಿಸ್ತಾಳೆ, ಅಲ್ಲಾಡದೆ ಇದ್ರೆ ಸಾಕು ಅಂತ."

ಈಜುತ್ತಲೇ ಇದ್ದಿದ್ದರೆ ಒಂಬತ್ತು ಚಿತ್ರಗಳಲ್ಲಿ ಒಂಬತ್ತು ಕಡೆ ಇರುತ್ತಿದ್ದ, ಮಿಂಚಿನ ಜೊತೆ ಅವನೂ ಅಳಿಸಿಹೋಗುತ್ತಿದ್ದ. ಅದು ಆ ಕೊಠಡಿಯಲ್ಲಿ ಅವಳೊಬ್ಬಳಿಗೇ ಹೊಳೆದಿತ್ತು.

"ನೀನು ಆಗ್ಲೇ ನನ್ನ ನೋಡಿದ್ದೆ ಅಲ್ವೇನೇ?" ತಮ್ಮ ಮತ್ತೆ ಕೇಳಿದ.

ಮುಖ್ಯಸ್ಥರು ರೇಡಿಯೊವನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ಇಲ್ಲ ಕಣೋ" ಎಂದಳು ಅಕ್ಕ.