ಹದಿನೇಳರ ಮಗ್ಗಿಯ ದಾರಿ

ನಾನು ಮಗ್ಗಿ ಹೇಳಿಕೊಟ್ಟರೆ ಮಕ್ಕಳಿರಲಿ, ಶಾಲೆಯ ಕಂಬಗಳೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದವು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಮಾದಾಪುರದ ಎಸ್ಟೇಟ್ ಶಾಲೆಗೆ ಈ ಶಿವಶಂಕರಪ್ಪನೊಬ್ಬನೇ ಮೇಷ್ಟರು.

ಅಂದು ನಾಲ್ಕನೇ ತರಗತಿಯ ಬಾಯಿಪರೀಕ್ಷೆಗೆ ಇನ್ಸ್‌ಪೆಕ್ಟರ್ ದೇರಪ್ಪನವರು ಬಂದಿದ್ದರು. ಕಾಫಿ ಕೊಯ್ಯುವ ಕಾಳಮ್ಮ ಬೆಳಿಗ್ಗೆಯೇ ಮಗಳು ನೀಲಾವತಿಯನ್ನು ಬಿಟ್ಟು, "ಪಾಸಾದ್ರೆ ಐದನೇ ಕ್ಲಾಸು. ಇಲ್ಲಾಂದ್ರೆ ನಾಳೆಯಿಂದ ನನ್ ಜೊತೆ ಪಿಕ್ಕಿಂಗು" ಎಂದು ಹೋಗಿದ್ದಳು.

ನನಗೆ ಭಯವಿರಲಿಲ್ಲ. ನನ್ನದೇ ವಿದ್ಯೆಯೊಂದಿತ್ತು: ಮಕ್ಕಳೆಲ್ಲ ಶಾಲೆಗೆ ನಡೆದು ಬರುವ ದಾರಿಯ ಒಂದೊಂದು ಗುರುತಿಗೂ ಮಗ್ಗಿಯ ಒಂದೊಂದು ಸಾಲು ಕಟ್ಟುವುದು. ಬಾವಿಕಟ್ಟೆಗೆ ಮೊದಲನೆಯದು, ದನದ ಕೊಟ್ಟಿಗೆಗೆ ಎರಡನೆಯದು. ಕಣ್ಣು ಮುಚ್ಚಿ ನಡೆದರಾಯಿತು, ಉತ್ತರ ಅಲ್ಲೇ ನಿಂತಿರುತ್ತದೆ.

"ಹದಿನೇಳು ಏಳಲಿ ಎಷ್ಟು?" ದೇರಪ್ಪನವರು ಕೇಳಿದರು.

ನೀಲಾವತಿ ಕಣ್ಣು ಮುಚ್ಚಿದಳು. ನಿಂತಲ್ಲೇ ಪಾದಗಳು ಅಲುಗಿದವು. ಒಮ್ಮೆಲೇ ನಿಂತವು.

"ಮರ ಇಲ್ಲ ಸಾ."

"ಯಾವ ಮರ?"

"ಏಳನೇದು ಹಲಸಿನ ಮರದಾಗಿತ್ತು. ನಿನ್ನೆ ಕಡಿದ್ಬಿಟ್ರು."

ಇನ್ಸ್‌ಪೆಕ್ಟರರ ಪೆನ್ನು ಅವಳ ಹೆಸರಿನ ಮುಂದೆ ಇಳಿಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆಮೇಲೆ ನೀಲಾವತಿಯ ಕಾಲು ಮೆಲ್ಲಗೆ ಒಂದು ಹೆಜ್ಜೆ ಮುಂದಿಟ್ಟಿತು.

"ಬುಡ ಐತೆ ಸಾ... ಬುಡದ ಮೇಲೆ ಕೂತೈತೆ. ನೂರ ಹತ್ತೊಂಬತ್ತು!"

ದೇರಪ್ಪನವರು 'ಪಾಸು' ಎಂದು ಬರೆದು ನನ್ನತ್ತ ತಿರುಗಿದರು. "ಈ ಉಪಾಯ ಯಾರದು ಮೇಷ್ಟ್ರೇ?"

"ನನ್ನದೇ ಸಾರ್! ಹನ್ನೆರಡು ವರ್ಷದ ತಪಸ್ಸು."

"ಹೌದಾ? ಎಂಟನೆಯದನ್ನ ಎಲ್ಲಿಟ್ಟಿದ್ದೀರಿ?"

"ಎಂಟು... ಶಾಲೆ ಬಾಗಿಲಲ್ಲಿ."

ನೀಲಾವತಿ ಕಿಸಕ್ಕನೆ ನಕ್ಕಳು. "ಬಾಗಿಲಲ್ಲಿರೋದು ಹತ್ತು ಸಾ. ಎಂಟು ಮೋರಿ ಹತ್ರ."

ಇಡೀ ತರಗತಿ ನಕ್ಕಿತು. ಅವರಿಗೆಲ್ಲ ಮೋರಿ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ.

ಕಂಬದ ಮಾತನ್ನು ನೀವು ಹೇಗೂ ನಂಬಿರಲಾರಿರಿ. ಇದನ್ನು ನಂಬಿ: ಅಂದು ದೇರಪ್ಪನವರ ಮುಂದೆ ತಲೆ ತಗ್ಗಿಸಿ ನಿಜ ಹೇಳಿದೆ.

"ವಿದ್ಯೆ ಈ ಹುಡುಗೀದೇ ಸಾರ್. ಯಾವ ಸಾಲಿನಲ್ಲಿ ಯಾವ ಗಿಡ ಕೊಯ್ಯೋದು ಬಾಕಿ ಅಂತ ಅವಳಮ್ಮ ಹೀಗೇ ಗುರುತು ಕಟ್ಟಿ ನೆನಪಿಡ್ತಾಳಂತೆ. ಅದನ್ನ ನೋಡಿ ಕಲಿತು, ಉಳಿದವರಿಗೂ ಹೇಳಿಕೊಟ್ಟಿದ್ದಾಳೆ. ಮಗ್ಗಿ ಹೇಳುವಾಗ ಕಾಲು ಅಲುಗಿಸ್ತಾಳೆ ಅಂತ ನಾನು ಬೆತ್ತದಲ್ಲಿ ಹೊಡೆದೆ. ನಾನು ಕಲಿಸಿದ್ದು ಅಷ್ಟೇ."